ಉರುಳುವ ಕಲ್ಲುಗಳೂ ನನ್ನ ಗೆಳೆಯನೂ

ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಸಂಧಿ ಸಮಾಸಗಳನ್ನು ಹೇಳಿಕೊಡುತ್ತಿದ್ದ ಕನ್ನಡ ಮೇಷ್ಟರೊಬ್ಬರು, ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ, ರಾಕ್ ಸಂಗೀತ ಕೇಳುವುದಕ್ಕಾಗಿ ಪೊನ್ನಂಪೇಟೆಯಿಂದ ಬೆಂಗಳೂರಿಗೆ ಹೊರಟರೆಂದರೆ ಓದುಗರಿಗೆ ನಗು ಬರುವುದು ಸಹಜ. ಆ ಮೇಷ್ಟರು ನಾನೇ. ನನ್ನ ಮನೆಯವಳೂ ಅಂದು ನಕ್ಕಿದ್ದಳು. ನಕ್ಕು ಮುಗಿದ ಮೇಲೆ, "ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಿ" ಎಂದು ಒಂದು ಉಂಡೆಯನ್ನು ನನ್ನ ಜೇಬಿಗೆ ಹಾಕಿದಳು.

ಇದು 2003ನೆಯ ಇಸವಿಯ ಮಾತು. ಆ ವರ್ಷದ ಏಪ್ರಿಲ್ 4ರಂದು, ಸ್ವಭಾನು ಸಂವತ್ಸರದ ಯುಗಾದಿ ಕಳೆದ ಎರಡನೆಯ ದಿನ, ರೋಲಿಂಗ್ ಸ್ಟೋನ್ಸ್ ಎಂಬ ಇಂಗ್ಲೆಂಡಿನ ಪ್ರಸಿದ್ಧ ಬಳಗ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಲಿದೆಯೆಂದು ಪತ್ರಿಕೆಗಳಲ್ಲಿ ಬಂದಿತ್ತು. 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬಳಗ ಅದು. ನಲವತ್ತು ವರ್ಷ ಊರೂರು ತಿರುಗಿದ ಮೇಲೆ ಭಾರತದಲ್ಲಿ ಹಾಡಲು ಅವರಿಗೆ ಈಗ ಕಾಲ ಕೂಡಿಬಂದಿತ್ತು.

ಪತ್ರಿಕೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ಬಂದವನು ನನ್ನ ಗೆಳೆಯ. ಒಂದೇ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಓದಿದವರು ನಾವು. ನಾನು ಮೇಷ್ಟರಾದೆ, ಅವನು ತಂದೆಯ ಕಾಫಿ ತೋಟ ನೋಡಿಕೊಂಡ.

"ಮೇಷ್ಟ್ರೇ, ಎರಡು ಟಿಕೆಟ್ಟಿಗೆ ಹೇಳಿಯಾಯಿತು. ನೀನು ಬರುತ್ತೀ."

"ನನಗೇನು ತಿಳಿಯುತ್ತದೆ ಮಾರಾಯ, ಆ ಗದ್ದಲ?"

"ನಮ್ಮ ಜಗಲಿಯಲ್ಲಿ ಕುಳಿತು ಕೇಳಿದಾಗ ಏನು ತಿಳಿದಿತ್ತೋ, ಅಷ್ಟು ತಿಳಿದರೆ ಸಾಕು."

ಆ ಜಗಲಿಯ ಸಂಗತಿ ಹೇಳಬೇಕು. ನಮಗೆ ಹದಿನಾರು ವರ್ಷವಿದ್ದಾಗ, ಸೈನ್ಯದಲ್ಲಿದ್ದ ಅವನ ಚಿಕ್ಕಪ್ಪ ರಜೆಗೆ ಬರುವಾಗ ಒಂದು ಗ್ರಾಮಫೋನ್ ತಟ್ಟೆ ತಂದಿದ್ದರು. 'ಸ್ಯಾಟಿಸ್‌ಫ್ಯಾಕ್ಷನ್' ಎಂಬ, 1965ರಲ್ಲಿ ಲೋಕವನ್ನೆಲ್ಲ ಕುಣಿಸಿದ ಹಾಡು. ಹೊರಗೆ ಕೊಡಗಿನ ಜಡಿಮಳೆ. ಒಳಗೆ ತಟ್ಟೆ ತಿರುಗುತ್ತಿತ್ತು. ಮಾತುಗಳು ಒಂದೂ ನನಗೆ ತಿಳಿಯಲಿಲ್ಲ. ಆದರೆ ಹಿಂದಿನಿಂದ ಬರುತ್ತಿದ್ದ ತಾಳ ಮಾತ್ರ ಹುತ್ತರಿಯ ದಿನ ಮನೆಮನೆಗೆ ಬಂದು ಹಾಡುವ ಹಿರಿಯರ ಕೈಯ ದುಡಿಯಂತೆ, ಬಿಡದೆ, ಅವಸರಪಡದೆ, ಎದೆಗೆ ನೇರವಾಗಿ ಬಡಿಯುತ್ತಿತ್ತು. ಆ ಮಳೆಗಾಲ ಮುಗಿಯುವುದರೊಳಗೆ ತಟ್ಟೆ ಸವೆದು ಹೋಯಿತು.

ಬಳಗದ ಹೆಸರನ್ನು ಕೇಳಿದಾಗಲೆಲ್ಲ ನನಗೆ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಗಾದೆ ನೆನಪಾಗುತ್ತಿತ್ತು: ಉರುಳುವ ಕಲ್ಲಿಗೆ ಪಾಚಿ ಹಿಡಿಯದು. ಅವರು ಹೆಸರನ್ನು ತೆಗೆದುಕೊಂಡದ್ದು ಮಡ್ಡಿ ವಾಟರ್ಸ್ ಎಂಬ ಅಮೆರಿಕದ ನೀಗ್ರೋ ಗಾಯಕನ 1950ರ ಹಾಡೊಂದರಿಂದ ಎಂದು ಗೆಳೆಯ ತಿದ್ದುತ್ತಿದ್ದ. ಎಲ್ಲಿಂದಲಾದರೂ ಬರಲಿ, ಒಂದು ಮಳೆಗಾಲ ಕಳೆಯುವುದರೊಳಗೆ ನಿಂತ ಸೈಕಲ್ಲಿಗೂ ಪಾಚಿ ಹಿಡಿಯುವ ನಮ್ಮೂರಿನಲ್ಲಿ ಆ ಗಾದೆಗೆ ಬೆಲೆಯಿದೆ.

ಆದರೆ ನಾನು ಹೊರಡಲು ಒಪ್ಪಿದ್ದು ಹಾಡಿನ ಆಸೆಯಿಂದಲ್ಲ. ಹಿಂದಿನ ಸಂಜೆ ಗೆಳೆಯನ ಹೆಂಡತಿ ನಮ್ಮ ಮನೆಗೆ ಬಂದಿದ್ದರು.

"ಅಣ್ಣಾ, ನೀವು ಹೇಳಿದರೆ ಅವರು ಕೇಳುತ್ತಾರೆ. ಸೋಮವಾರ ತೋಟದ ಕಾಗದಕ್ಕೆ ಸಹಿ ಹಾಕುತ್ತಾರಂತೆ. ಪೂರ್ತಿ ಮಾರಿಬಿಡುತ್ತಾರಂತೆ. ದಾರಿಯಲ್ಲಿ ಒಂದು ಮಾತು ಹೇಳಿ."

ಅದೇಕೆ ಮಾರಬೇಕಾಗಿತ್ತೆಂಬುದು ಆ ಕಾಲದ ಕೊಡಗನ್ನು ಕಂಡವರಿಗೆ ಗೊತ್ತು. 1989ರಲ್ಲಿ ಲೋಕದ ಕಾಫಿ ಒಪ್ಪಂದದ ಕೋಟಾ ಕಟ್ಟು ಬಿದ್ದುಹೋಯಿತು. 1994ರಲ್ಲಿ ಬ್ರೆಜಿಲ್ ದೇಶದ ತೋಟಗಳಿಗೆ ಹಿಮ ಬಿದ್ದಾಗ ಇಲ್ಲಿ ಬೆಲೆ ಏರಿತು. 1996ರ ಹೊತ್ತಿಗೆ ಕಾಫಿ ಬೋರ್ಡಿಗೆ ಬೆಳೆ ಒಪ್ಪಿಸಬೇಕೆಂಬ ನಿಯಮವೂ ಪೂರ್ತಿ ಹೋಗಿ, ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಾಯಿತು. ಆ ಸುಗ್ಗಿಯಲ್ಲಿ ಗೆಳೆಯ ಸಾಲ ತೆಗೆದು ಹೊಸ ಕಣ ಮಾಡಿಸಿದ, ಪಂಪು ಕೊಂಡ, ಸ್ಪ್ರಿಂಕ್ಲರ್ ಕೊಳವೆ ಹಾಕಿಸಿದ. ಅಷ್ಟರಲ್ಲಿ ವಿಯೆಟ್ನಾಮಿನ ರೊಬಸ್ಟಾ ಲೋಕದ ಮಾರುಕಟ್ಟೆಗೆ ಹೊಳೆಯಾಗಿ ಹರಿದುಬಂತು. 2001ರ ಸುಮಾರಿಗೆ ಬೆಲೆ ಮೂವತ್ತು ವರ್ಷಗಳಲ್ಲಿ ಕಾಣದ ತಳಕ್ಕೆ ಇಳಿಯಿತು. ಕೊಯ್ಲಿನ ಕೂಲಿಯೂ ಹುಟ್ಟದ ಕಾಫಿಗೆ ಬ್ಯಾಂಕಿನ ಬಡ್ಡಿ ಎಲ್ಲಿಂದ ಹುಟ್ಟಬೇಕು?

ಸಾಲದುದಕ್ಕೆ ಮಳೆಯೂ ಕೈಕೊಟ್ಟಿತ್ತು. ಮಾರ್ಚಿಯ ಮೊದಲಲ್ಲಿ ಅವನು ಕೆರೆಯ ನೀರನ್ನೆಲ್ಲ ಗಿಡಗಳ ಮೇಲೆ ಹಾರಿಸಿ ಹೂವು ತರಿಸಿದ್ದ. ತೋಟವೆಲ್ಲ ಮಲ್ಲಿಗೆಯಂತೆ ಬೆಳ್ಳಗೆ ಅರಳಿ ಘಮಘಮಿಸಿತ್ತು. ಆದರೆ ರೊಬಸ್ಟಾ ಹೂವು ಬಿರಿದ ಎರಡು ಮೂರು ವಾರಗಳಲ್ಲಿ ಮತ್ತೊಮ್ಮೆ ನೀರು ಬೀಳದಿದ್ದರೆ ಕಾಯಿ ನಿಲ್ಲುವುದಿಲ್ಲ. ಬೆಳೆಗಾರರು ಬ್ಯಾಕಿಂಗ್ ಮಳೆ ಎನ್ನುವುದು ಅದಕ್ಕೇ. ಕೆರೆ ಬತ್ತಿತ್ತು; ಆಕಾಶ ಬೋಳಾಗಿತ್ತು.

ಇಂಥವನಿಗೆ ಬುದ್ಧಿ ಹೇಳುವ ಭಾರ, ತಿಂಗಳ ಕೊನೆಗೆ ಸಂಬಳ ಎಣಿಸಿಕೊಳ್ಳುವ ನನ್ನ ತಲೆಗೆ ಬಂತು. "ಸ್ವಂತ ಕಾರ್ಯ ನಿಮಿತ್ತ" ಎಂದು ರಜೆಯ ಅರ್ಜಿ ಬರೆದೆ. ರಾತ್ರಿಯೆಲ್ಲ ಆಡಬೇಕಾದ ಮಾತನ್ನು ಪಾಠದ ಟಿಪ್ಪಣಿಯಂತೆ ಮನಸ್ಸಿನಲ್ಲಿ ಸಿದ್ಧಪಡಿಸಿದೆ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ.

ಶುಕ್ರವಾರ ಬೆಳಿಗ್ಗೆ ಗೋಣಿಕೊಪ್ಪಲಿನಲ್ಲಿ ಬಸ್ಸು ಹತ್ತಿದೆವು. ತಿತಿಮತಿ ದಾಟಿ ಕಾಡು ಹೊಕ್ಕಾಗ ಪೀಠಿಕೆ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗೆಳೆಯ ಕಿಟಕಿಯಿಂದ ಹೊರಗೆ ನೋಡಿ, "ಬಿದಿರೆಲ್ಲ ಒಣಗಿದೆ, ನೋಡು" ಎಂದು ಸುಮ್ಮನಾದ. ನಾನೂ ಸುಮ್ಮನಾದೆ. ಹುಣಸೂರಿನಲ್ಲಿ ಕಾಫಿ ಕುಡಿಯುವಾಗ ಹೇಳೋಣವೆಂದುಕೊಂಡೆ. ಅವನು ಲೋಟವನ್ನು ಮೂಸಿ, "ಅರ್ಧ ಚಿಕೋರಿ" ಎಂದು ನಕ್ಕ. ನಗುವವನಿಗೆ ಸಾಲದ ಮಾತೆತ್ತುವುದು ಹೇಗೆ? ಮದ್ದೂರಿನಲ್ಲಿ ವಡೆ ಅಡ್ಡ ಬಂತು.

ಮಾತಾಡಿದವನು ಅವನೇ. ಬಳಗದ ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಇಬ್ಬರೂ ಡಾರ್ಟ್‌ಫರ್ಡ್ ಎಂಬ ಊರಿನಲ್ಲಿ ಒಂದೇ ಪ್ರಾಥಮಿಕ ಶಾಲೆಯಲ್ಲಿ ಓದಿದ ಹುಡುಗರು; ದೂರವಾಗಿದ್ದವರು 1961ರಲ್ಲಿ ಆ ಊರಿನ ರೈಲ್ವೆ ನಿಲ್ದಾಣದಲ್ಲಿ ಮತ್ತೆ ಎದುರಾದರು. ಮಿಕ್ಕನ ಕಂಕುಳಲ್ಲಿ ಅಮೆರಿಕದಿಂದ ತರಿಸಿದ ತಟ್ಟೆಗಳಿದ್ದವು. ಆ ತಟ್ಟೆಗಳ ಮೇಲೆ ಮಾತು ಬೆಳೆಯಿತು. 1980ರ ದಶಕದ ನಡುವಿನಲ್ಲಿ ಇಬ್ಬರೂ ಮುಖ ತಿರುಗಿಸಿಕೊಂಡು ಬಳಗವೇ ಮುರಿಯುವಂತಾಯಿತು; 1989ರಲ್ಲಿ ಮತ್ತೆ ಒಟ್ಟಿಗೆ ಊರೂರು ತಿರುಗಿದರು. ಇದನ್ನೆಲ್ಲ ಅವನು ಸಂಬಂಧಿಕರ ಮನೆಯ ವಿಷಯದಂತೆ ಹೇಳಿದ.

ಅರಮನೆ ಮೈದಾನದ ಬಾಗಿಲಲ್ಲಿ ನಿಂತಾಗ ನನಗೆ ಧೈರ್ಯ ಬಂತು. ನಾನು ಹೆದರಿದಂತೆ ಅಲ್ಲಿ ಹುಡುಗರೇ ತುಂಬಿರಲಿಲ್ಲ. ತಲೆ ನರೆತ ಗುಮಾಸ್ತರು, ಮಗನ ಕೈಹಿಡಿದ ತಂದೆಯರು, ಕನ್ನಡಕದ ಹೆಂಗಸರು ಎಲ್ಲರೂ ಇದ್ದರು. ಸಂಜೆ ಮೋಡ ಕವಿಯಿತು. ನೋಡನೋಡುತ್ತ ಮಳೆ ಸುರಿಯಿತು. ನೆಲ ಕೆಸರಾಯಿತು, ಜನ ಪತ್ರಿಕೆ, ಚೀಲ, ಕುರ್ಚಿಗಳನ್ನು ತಲೆಯ ಮೇಲೆ ಹಿಡಿದರು. ನನ್ನ ಜೇಬಿನ ಹತ್ತಿ ನೆನೆದು ಮುದ್ದೆಯಾಯಿತು.

ಗೆಳೆಯ ಮಾತ್ರ ತಲೆ ಮುಚ್ಚಿಕೊಳ್ಳಲಿಲ್ಲ. ಮುಖವನ್ನು ಮೇಲೆತ್ತಿ, ಅಂಗೈ ಚಾಚಿ ಹನಿಯ ತೂಕ ನೋಡಿದ. "ಐವತ್ತು ಸೆಂಟಿಗೆ ಕಡಿಮೆಯಿಲ್ಲ" ಎಂದ. ಕೊಡಗಿನಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆಯುವುದು ರೂಢಿ. ನೂರು ಸೆಂಟಿಗೆ ಒಂದು ಇಂಚು. ಸುತ್ತಲಿನ ಸಾವಿರಾರು ಜನ ಇನ್ನು ಕಚೇರಿ ನಡೆಯುವುದೋ ಇಲ್ಲವೋ ಎಂದು ವೇದಿಕೆಯನ್ನು ನೋಡುತ್ತಿದ್ದರೆ, ಅವನೊಬ್ಬನ ಮನಸ್ಸು ನೂರೈವತ್ತು ಮೈಲಿಗೆ ಹತ್ತಿರದಾಚೆ ತನ್ನ ಗಿಡಗಳ ಬುಡದಲ್ಲಿತ್ತು. ಮಾರಲು ಹೊರಟವನು ಹೀಗೆ ಮಳೆ ಅಳೆಯುತ್ತಾನೆಯೇ ಎಂದು ನನಗೆ ಆಗ ಹೊಳೆಯಿತು. ಆದರೆ ಮಾತಾಡುವ ಹೊತ್ತು ಅದಾಗಿರಲಿಲ್ಲ.

ಮಳೆ ಸರಿದ ಮೇಲೆ ಅವರು ಬಂದರು. ಐವತ್ತೊಂಬತ್ತರ ಜಾಗರ್ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಿದ ಓಟವನ್ನು ನಮ್ಮ ಶಾಲೆಯ ಕ್ರೀಡಾಕೂಟದಲ್ಲೂ ನಾನು ಕಂಡಿರಲಿಲ್ಲ. ಮೊದಲ ಹಾಡಿಗೆ ನನ್ನ ಎದೆಗೂಡೇ ಅದುರಿತು. ಎರಡನೆಯದಕ್ಕೆ ಹತ್ತಿಯ ಮುದ್ದೆಯನ್ನು ಎಸೆದೆ. ಮೂರನೆಯದಕ್ಕೆ ಪಕ್ಕದಲ್ಲಿದ್ದ ಅಪರಿಚಿತರು ನನ್ನ ಹೆಗಲ ಮೇಲೆ ಕೈಹಾಕಿದರು, ನಾನು ತೆಗೆಯಲಿಲ್ಲ.

ಆದರೆ ಸ್ವಲ್ಪ ಹೊತ್ತಿನಲ್ಲಿ ನನ್ನ ಕಣ್ಣು ಓಡುವವನನ್ನು ಬಿಟ್ಟು ಹಿಂದೆ ಕುಳಿತವನ ಮೇಲೆ ನಿಂತಿತು. ಚಾರ್ಲಿ ವಾಟ್ಸ್. ವಯಸ್ಸು ಅರವತ್ತೊಂದು, 1963ರಿಂದ ಅದೇ ಪೀಠ. ಮೊದಲು ಜಾಹೀರಾತಿನ ಚಿತ್ರಗಳನ್ನು ಬರೆಯುತ್ತಿದ್ದನಂತೆ. ಮನಸ್ಸಿಗೆ ಹಿಡಿದದ್ದು ಜಾಸ್ ಸಂಗೀತವಂತೆ. ಇಷ್ಟು ದೊಡ್ಡ ವೇದಿಕೆಯ ಮೇಲೆ ಅವನ ಮುಂದಿದ್ದದ್ದು ಕೆಲವೇ ಡೋಲುಗಳು, ಕೆಲವೇ ತಾಳಗಳು. ಮುಖದಲ್ಲಿ ಆರ್ಭಟವಿಲ್ಲ, ನಗುವಿಲ್ಲ. ಗದ್ದೆಯ ಬದುವಿನ ಮೇಲೆ ನಡೆಯುವವನ ಎಚ್ಚರ. ಜಗಲಿಯಲ್ಲಿ ನಾವು ಕೇಳಿದ ಕೈ ಅದೇ. ಬಳಗದವರನ್ನು ಒಬ್ಬೊಬ್ಬರನ್ನಾಗಿ ಪರಿಚಯಿಸುವಾಗ ಅವನ ಹೆಸರು ಬಂತು. ಜನ ಕೂಗಿದ ಕೂಗಿಗೆ ಅವನು ನಾಚಿದಂತೆ ಎದ್ದು, ಮತ್ತೆ ಕುಳಿತು, ಕೆಲಸ ಮುಂದುವರಿಸಿದ.

ಗೆಳೆಯನ ಕಡೆ ತಿರುಗಿದೆ. ಅವನ ಕಣ್ಣಲ್ಲಿ ನೀರಿತ್ತು. ಮಳೆಯದೆಂದು ತಿಳಿದುಕೊಂಡೆ, ತಿಳಿದುಕೊಳ್ಳುವುದು ಸ್ನೇಹದ ಮರ್ಯಾದೆ.

ಕಚೇರಿ ಮುಗಿದ ಮೇಲೆ ಮೆಜೆಸ್ಟಿಕ್ಕಿನ ಎಸ್.ಟಿ.ಡಿ. ಬೂತಿನಿಂದ ಅವನು ಮನೆಗೆ ಫೋನು ಮಾಡಿದ. ಮೊದಲ ಪ್ರಶ್ನೆಯೇ, "ಅಲ್ಲಿ ಮಳೆ?" ಎಂಬುದು. ಒಂದು ಗಳಿಗೆ ಕೇಳಿ, ಫೋನು ಕೆಳಗಿಟ್ಟು ಹೊರಗೆ ಬಂದ.

"ಒಂದು ಹನಿಯೂ ಇಲ್ಲವಂತೆ. ನಮ್ಮ ಮಳೆಯೂ ಕಚೇರಿ ಕೇಳಲು ಬೆಂಗಳೂರಿಗೆ ಬಂದಿತ್ತು ಮೇಷ್ಟ್ರೇ."

ಇಬ್ಬರೂ ನಕ್ಕೆವು, ಒದ್ದೆ ಬಟ್ಟೆಯಲ್ಲಿ, ಕೆಸರು ಕಾಲಿನಲ್ಲಿ, ಬಸ್ ನಿಲ್ದಾಣದವರೆಲ್ಲ ನೋಡುವಂತೆ ನಕ್ಕೆವು.

ರಾತ್ರಿ ಬಸ್ಸು ರಾಮನಗರ ದಾಟಿದ ಮೇಲೆ ಅವನೇ ಬಾಯಿಬಿಟ್ಟ. "ಓಡುವವನನ್ನು ನೋಡಲು ಹೋದೆ, ಕುಳಿತವನನ್ನು ನೋಡಿ ಬಂದೆ. ನಲವತ್ತು ವರ್ಷ ಒಂದೇ ಪೀಠ, ಮಾರಾಯ. ಅವನಿಗೂ ಸಾಕೆನಿಸಿದ ದಿನಗಳು ಇಲ್ಲದೆ ಇದ್ದಾವೆಯೇ?"

ನಾನು ಗಂಟಲು ಸರಿಪಡಿಸಿಕೊಂಡೆ. "ನಿನಗೆ ಒಂದು ಮಾತು ಹೇಳಬೇಕೆಂದು..."

"ಗೊತ್ತು. ನಿನ್ನ ಮಾತು ಹುಣಸೂರಿನಿಂದಲೇ ನನಗೆ ಕೇಳಿಸುತ್ತಿತ್ತು. ಹೇಳದೆ ಇದ್ದೆಯಲ್ಲ, ಅದು ಒಳ್ಳೆಯದಾಯಿತು. ಹೇಳಿದ್ದರೆ ಹಟಕ್ಕಾದರೂ ಸಹಿ ಹಾಕುತ್ತಿದ್ದೆ."

ಕಥೆಯಾಗಿದ್ದರೆ ಮರುದಿನವೇ ಮಳೆ ಬಂದು ಎಲ್ಲ ಸರಿಹೋಗಬೇಕಾಗಿತ್ತು. ಹಾಗಾಗಲಿಲ್ಲ. ಮಳೆ ತಡವಾಗಿ ಬಂತು. ಆ ವರ್ಷದ ಬೆಳೆ ಕುಗ್ಗಿತು. ಸೋಮವಾರ ಗೆಳೆಯ ಸಹಿ ಹಾಕಿದ್ದೂ ನಿಜ. ಆದರೆ ರಸ್ತೆಯ ಪಕ್ಕದ ಎರಡು ಎಕರೆಗೆ ಮಾತ್ರ. ಅದರಿಂದ ಬಡ್ಡಿ ತೀರಿತು. ಅಸಲು ತೀರಿಸಲು ಒಂಬತ್ತು ವರ್ಷ ಹಿಡಿಯಿತು. ಉಳಿದ ತೋಟ ಇಂದಿಗೂ ಅವನದೇ. ಅವನ ಹೆಂಡತಿ ನನ್ನ ಮಾತಿನಿಂದಲೇ ತೋಟ ಉಳಿಯಿತೆಂದು ಇಂದಿಗೂ ನಂಬಿದ್ದಾರೆ. ಪ್ರತಿವರ್ಷ ಮನೆಗೆ ಬರುವ ಕಾಫಿಪುಡಿಯ ಪೊಟ್ಟಣವನ್ನು ನಾನು ಅಪರಾಧಿಯಂತೆ ತೆಗೆದುಕೊಳ್ಳುತ್ತೇನೆ.

2021ರ ಆಗಸ್ಟ್ 24ರ ರಾತ್ರಿ ಫೋನು ಬಂತು. "ಮೇಷ್ಟ್ರೇ, ಚಾರ್ಲಿ ಹೋದ" ಎಂದ. ಎಂಬತ್ತಾಗಿತ್ತು. ಬಳಗ ಅಲ್ಲಿಗೆ ನಿಲ್ಲಲಿಲ್ಲ. 2023ರಲ್ಲಿ ಹೊಸ ಹಾಡುಗಳನ್ನೂ ಹೊರತಂದರು. ಅದೆಲ್ಲ ಆಮೇಲಿನ ಮಾತು. ಅಂದು ರಾತ್ರಿ ನಮಗಿಬ್ಬರಿಗೂ ಏನು ಹೇಳಬೇಕೆಂದು ತಿಳಿಯಲಿಲ್ಲ. ಫೋನಿನ ಆಚೆಗೂ ಈಚೆಗೂ ಹೆಂಚಿನ ಮೇಲೆ ಒಂದೇ ಮಳೆ ಬೀಳುತ್ತಿತ್ತು.

"ಎಷ್ಟಾಯಿತು ಇವತ್ತು?" ಎಂದು ಕೇಳಿದೆ.

"ತಡೆ, ನೋಡಿ ಬರುತ್ತೇನೆ" ಎಂದು ಅವನು ಟಾರ್ಚು ಹಿಡಿದು ಅಂಗಳಕ್ಕೆ ಇಳಿದ ಸದ್ದು ಕೇಳಿಸಿತು.