ನಮ್ಮ ಡ್ರಾಯಿಂಗಿನಲ್ಲಿ ಸಮುದ್ರವೇ ಇರಲಿಲ್ಲ

ಆರನೇ ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ. ಹಾಸ್ಟೆಲ್ ಅರ್ಧ ಖಾಲಿಯಾಗಿತ್ತು. ಮಿನಿ ಪ್ರಾಜೆಕ್ಟ್ ನಾಲ್ವರಲ್ಲಿ ಒಬ್ಬನ ಊರು ಮಲ್ಪೆ. ಅವನ ತಂದೆಯದ್ದೊಂದು ಟ್ರಾಲ್ ಬೋಟು ಇದೆ. "ಅಪ್ಪನ ಬೋಟಿನ ಸೈಲೆನ್ಸರ್ ಕೆಲಸ ಉಂಟು, ಬರ್ತೀರಾ? ಊಟಕ್ಕೆ ಮೀನು ಗ್ಯಾರಂಟಿ" ಅಂದ. ಉಳಿದ ಮೂವರು ದಾವಣಗೆರೆ, ಹಾಸನ, ಕಲಬುರಗಿ ಕಡೆಯವರು. ಬೋಟಿನ ಎಂಜಿನ್ ಹತ್ತಿರದಿಂದ ನೋಡಿದವರಲ್ಲ. ಮೀನಿನ ಆಸೆಗೋ ಎಂಜಿನ್ನಿನ ಆಸೆಗೋ, ಹೊರಟೇಬಿಟ್ಟೆವು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮರಿ ಹಾಕುವ ಕಾಲ, ಮಳೆಗಾಲದ ಕಡಲು ಬೇರೆ. ಬಣ್ಣ, ಬಲೆ, ಎಂಜಿನ್, ಎಲ್ಲ ರಿಪೇರಿಯೂ ಈ ಎರಡು ತಿಂಗಳಲ್ಲೇ ಮುಗಿಯಬೇಕು. ಆಗಸ್ಟಿನಲ್ಲಿ ಪಕ್ಕದ ಬೋಟು ಹೊರಟು ನಮ್ಮ ಬೋಟು ದಕ್ಕೆಯಲ್ಲೇ ನಿಂತರೆ ನಷ್ಟ ಮಾಲೀಕರೊಬ್ಬರದ್ದೇ ಅಲ್ಲ, ತಾಂಡೇಲರಿಂದ ಹಿಡಿದು ಕಲಾಸಿಗಳವರೆಗೆ ಎಲ್ಲರ ಮನೆಯದ್ದೂ.

ಆದರೆ ಆ ಬೋಟಿನ ಸಮಸ್ಯೆ ಬರೀ ದುಡ್ಡಿನದ್ದಾಗಿರಲಿಲ್ಲ. ಮೇ ತಿಂಗಳ ಕೊನೆಯ ಟ್ರಿಪ್ಪಿನಲ್ಲಿ ಎಂಜಿನ್ ರೂಮಿನ ಪಕ್ಕದ ಕ್ಯಾಬಿನ್ನಿನಲ್ಲಿ ಮಲಗಿದ್ದ ಕಲಾಸಿಯೊಬ್ಬರಿಗೆ ವಿಪರೀತ ತಲೆನೋವು, ವಾಂತಿ. ಉಳಿದವರು "ಕಡಲು ತಾಗಿರಬೇಕು" ಎಂದು ನಕ್ಕರಂತೆ. ಇಪ್ಪತ್ತು ವರ್ಷ ಸಮುದ್ರದಲ್ಲೇ ಬದುಕಿದ ಮನುಷ್ಯನಿಗೆ ಕಡಲು ತಾಗುವುದೇ? ಡೆಕ್ಕಿಗೆ ಬಂದು ಗಾಳಿಗೆ ಕೂತ ಮೇಲೆ ಸುಧಾರಿಸಿದರು. ಅದೇ ಟ್ರಿಪ್ಪಿನಲ್ಲಿ ಎಂಜಿನ್ ಎಳೆತ ಕಡಿಮೆಯಾಗಿತ್ತು, ಹೊಗೆ ಕಪ್ಪಾಗಿತ್ತು. ಈ ಮೂರನ್ನೂ ಯಾರೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಬೋಟಿನ ಎಕ್ಸಾಸ್ಟ್ ನಮ್ಮ ಬೈಕಿನದ್ದರ ಹಾಗಲ್ಲ. ಎಂಜಿನ್ ತಂಪು ಮಾಡಿ ಬಂದ ಸಮುದ್ರದ ನೀರನ್ನೇ ಹೊಗೆಯ ದಾರಿಗೆ ಬಿಡುತ್ತಾರೆ. ಲೋಡಿನಲ್ಲಿ 400 ಡಿಗ್ರಿಯಷ್ಟು ಬಿಸಿಯಿರುವ ಹೊಗೆ ಎಲ್ಬೋ ಒಳಗೆ ಆ ನೀರಿನ ಜೊತೆ ಸೇರಿ ತಣ್ಣಗಾಗುತ್ತದೆ. ಹಾಗಾಗಿ ಮುಂದಿನ ದಾರಿಗೆ ರಬ್ಬರ್ ಹೋಸ್ ಸಾಕು. ಉಪಾಯ ಚೆನ್ನಾಗಿದೆ, ಕಷ್ಟವೆಲ್ಲ ಆ ಎಲ್ಬೋಗೆ. ಒಂದು ಕಡೆ ಸುಡುವ ಹೊಗೆ, ಇನ್ನೊಂದು ಕಡೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರು, ಸಾಲದ್ದಕ್ಕೆ ಡೀಸೆಲ್ಲಿನ ಗಂಧಕದಿಂದ ಹುಟ್ಟುವ ಆಮ್ಲ.

ಬಿಚ್ಚುವುದಕ್ಕೇ ಒಂದು ದಿನ ಹೋಯಿತು. ತುಕ್ಕು ಹಿಡಿದ ನಟ್ಟಿಗೆ ಎಣ್ಣೆ ಬಿಟ್ಟು, ಗ್ಯಾಸಿನಲ್ಲಿ ಕಾಯಿಸಿ, ಮೆಲ್ಲಗೆ ಬಡಿದು ತಿರುಗಿಸಬೇಕು. ನಾವು ಜೋರು ತೋರಿಸಲು ಹೋಗಿ ಒಂದು ಸ್ಟಡ್ ಮುರಿದೆವು. ಅದನ್ನು ಡ್ರಿಲ್ ಮಾಡಿ ತೆಗೆಯಲು ಮಧ್ಯಾಹ್ನವಿಡೀ ಬೇಕಾಯಿತು. ಮೆಕ್ಯಾನಿಕ್ ಅಣ್ಣ ಬೈಯಲಿಲ್ಲ. ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ಕೊನೆಗೂ ಎಲ್ಬೋ ಕೈಗೆ ಬಂತು. ಬೀಡು ಕಬ್ಬಿಣದ್ದು. ಹೊರಗೆ ಸ್ವಲ್ಪ ತುಕ್ಕು ಬಿಟ್ಟರೆ ಆಕಾರ ಸರಿಯಾಗೇ ಇತ್ತು. "ಇಷ್ಟು ದಪ್ಪ ಉಂಟಲ್ಲ ಅಣ್ಣ, ಕ್ಲೀನ್ ಮಾಡಿ ಹಾಕಬಹುದಲ್ವಾ?" ಅಂತ ಕೇಳಿದೆವು. ಅವರು ಮಾತಾಡದೆ ಸ್ಕ್ರೂಡ್ರೈವರ್ ತಗೊಂಡು ಗೀರಿದರು. ಪೆನ್ಸಿಲ್ ಚೂಪು ಮಾಡಿದ ಹಾಗೆ ಕಪ್ಪು ಪುಡಿ ಉದುರಿತು. ಇನ್ನೊಂದು ಸಲ ಒತ್ತಿದರು, ಸ್ಕ್ರೂಡ್ರೈವರ್ ತೂರಿ ಆಚೆ ಬಂತು.

ಮೆಟಲರ್ಜಿಯಲ್ಲಿ ಎರಡು ಮಾರ್ಕಿಗೆ ಓದಿದ್ದ ಗ್ರಾಫಿಟಿಕ್ ಕರೋಶನ್ ಅದು. ಗ್ರೇ ಕಾಸ್ಟ್ ಐರನ್ನಿನೊಳಗೆ ಗ್ರಾಫೈಟಿನ ಪದರಗಳಿರುತ್ತವೆ. ಉಪ್ಪುನೀರು ಕಬ್ಬಿಣವನ್ನು ಮಾತ್ರ ಕರಗಿಸಿಕೊಂಡು ಹೋಗುತ್ತದೆ, ಗ್ರಾಫೈಟ್ ಮತ್ತು ತುಕ್ಕು ಅದೇ ಆಕಾರದಲ್ಲಿ ನಿಂತಿರುತ್ತವೆ. ಕಣ್ಣಿಗೆ ಎಲ್ಬೋ, ಕೈಗೆ ಬೂದಿ.

ಒಳಗೆ ನೋಡಿದರೆ ತುಕ್ಕಿನ ಹಕ್ಕಳೆ, ಉಪ್ಪು, ಮಸಿ ಸೇರಿ ದಾರಿ ಅರ್ಧಕ್ಕಿಂತ ಹೆಚ್ಚು ಮುಚ್ಚಿತ್ತು. ಆಗ ಎಲ್ಲ ಕೊಂಡಿ ಕೂಡಿತು. ಹೊಗೆ ಹೊರಹೋಗಲು ಜಾಗವಿಲ್ಲ, ಬ್ಯಾಕ್ ಪ್ರೆಶರ್ ಏರಿತು, ಸಿಲಿಂಡರಿಗೆ ಹೊಸ ಗಾಳಿ ಸಾಲಲಿಲ್ಲ, ಡೀಸೆಲ್ ಅರೆಬರೆ ಉರಿಯಿತು. ಹೊಗೆ ಕಪ್ಪಾದದ್ದು, ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದು ಅದಕ್ಕೇ. ಅದೇ ಒತ್ತಡ ಆ ಅನಿಲವನ್ನು ಸಣ್ಣ ತೂತುಗಳಿಂದ ಎಂಜಿನ್ ರೂಮಿಗೆ ತಳ್ಳಿತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಆ ಕಲಾಸಿ ಡೆಕ್ಕಿಗೆ ಬರದೆ ಹಾಗೇ ಹೊದ್ದು ಮಲಗಿದ್ದರೆ? ಅವರು ಅಲ್ಲೇ ಬಲೆ ಹೊಲಿಯುತ್ತ ಕೂತಿದ್ದರು. ನಾವು ವಿಷಯ ಹೇಳಿದಾಗ ಸೂಜಿ ನಿಲ್ಲಿಸಿ ಎಲ್ಬೋವನ್ನೊಮ್ಮೆ ನೋಡಿದರು. ಏನೂ ಹೇಳಲಿಲ್ಲ.

ಕಂಪೆನಿಯ ಹೊಸ ಎಲ್ಬೋ ಬರಲು ಎಷ್ಟು ವಾರವೋ ಗೊತ್ತಿಲ್ಲ, ಬೆಲೆಯೂ ಭಾರಿ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಇಲ್ಲೇ ಮಾಡಿಸೋಣ ಅಂತ ತೀರ್ಮಾನವಾಯಿತು. "ಅಂಕಲ್, ಡಿಸೈನ್ ನಮಗೆ ಬಿಡಿ" ಅಂದೆವು. ರಾತ್ರಿಯೆಲ್ಲ ಲ್ಯಾಪ್‌ಟಾಪ್ ಹಿಡಿದು ಕೂತು ಬೆಳಿಗ್ಗೆ ತ್ರೀಡಿ ಮಾಡೆಲ್ ತೋರಿಸಿದೆವು. 304 ಗ್ರೇಡ್, ಅಚ್ಚುಕಟ್ಟಾದ ಆಕಾರ, ನೀರಿನ ಪೈಪು ಫ್ಲೇಂಜಿನ ಹತ್ತಿರವೇ.

ವೆಲ್ಡರ್ ಅಣ್ಣ ಮೊದಲು ಮೆಟೀರಿಯಲ್ ನೋಡಿದರು. "304 ಅಡಿಗೆಮನೆಗೆ ಆಗ್ತದೆ. ಉಪ್ಪುನೀರಿಗೆ 316ಎಲ್ ತನ್ನಿ." 316ರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಮ್ ಇರುತ್ತದೆ, ಕ್ಲೋರೈಡಿನಿಂದಾಗುವ ಗುಂಡಿಗಳನ್ನು ಅದು ತಡೆದುಕೊಳ್ಳುತ್ತದೆ. 'ಎಲ್' ಅಂದರೆ ಇಂಗಾಲ ಕಡಿಮೆ, ವೆಲ್ಡ್ ಪಕ್ಕದಲ್ಲಿ ಕ್ರೋಮಿಯಂ ಕಾರ್ಬೈಡ್ ಆಗಿ ತುಕ್ಕು ಶುರುವಾಗುವುದು ತಪ್ಪುತ್ತದೆ. ನಾವು ಓದಿದ್ದೇ, ಆದರೆ ಅವರು ಹೇಳಿದ ಮೇಲೆ ನೆನಪಾದದ್ದು.

ಮೆಕ್ಯಾನಿಕ್ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ. "ಎಂಜಿನ್ ಆಫ್ ಮಾಡಿದ ಮೇಲೆ ಪೈಪಿನಲ್ಲಿ ಉಳಿದ ನೀರು ಎಲ್ಲಿಗೆ ಹೋಗ್ತದೆ ಮಾರಾಯ್ರೆ?"

ನಮ್ಮಲ್ಲಿ ಉತ್ತರವಿರಲಿಲ್ಲ. ಮಾಡೆಲ್ಲನ್ನು ತಿರುಗಿಸಿ ನೋಡಿದೆವು. ನೀರು ಸೀದಾ ಎಂಜಿನ್ ಕಡೆಗೇ ಇಳಿಯುತ್ತಿತ್ತು. ತೆರೆದಿರುವ ಎಕ್ಸಾಸ್ಟ್ ವಾಲ್ವಿನಿಂದ ಸಿಲಿಂಡರಿಗೆ ಹೋದರೆ ಮುಗಿಯಿತು. ನೀರು ಕುಗ್ಗುವುದಿಲ್ಲ, ಮುಂದಿನ ಸ್ಟಾರ್ಟಿಗೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪೈಪು ಮೊದಲು ಮೇಲೇರಿ, ಬಾಗಿ, ಕೆಳಗಿಳಿಯಬೇಕು. ಇಳಿಯುವ ಕಡೆ ಮಾತ್ರ ನೀರು ಸೇರಬೇಕು. ಬೋಟು ಅಲೆಗೆ ಹೊರಳಿದರೂ ಹಿಂದೆ ಬಾರದಷ್ಟು ಎತ್ತರ ಬೇಕು. ನಾವು ಅಲುಗದ ನೆಲದ ಮೇಲೆ ನಿಂತ ಎಂಜಿನ್ನಿಗೆ ಡಿಸೈನ್ ಮಾಡಿದ್ದೆವು. ನಮ್ಮ ಡ್ರಾಯಿಂಗಿನಲ್ಲಿ ಸಮುದ್ರವೇ ಇರಲಿಲ್ಲ.

ಮತ್ತೆ ಕೂತು ಬರೆದೆವು, ಈ ಸಲ ಅವರಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು. ಆರ್ಗಾನ್ ವೆಲ್ಡಿಂಗ್ ಆಯಿತು, ವೆಲ್ಡಿನ ನೀಲಿ ಕಲೆಗಳನ್ನು ಪೇಸ್ಟ್ ಹಾಕಿ ತೆಗೆದರು. ಹೊಸ ಗ್ಯಾಸ್ಕೆಟ್, ಹೊಸ ಹೋಸ್, ಪ್ರತಿ ತುದಿಗೂ ಎರಡೆರಡು ಕ್ಲಾಂಪ್. ಮೊದಲು ಒಳಗೆ ಗಾಳಿ ತುಂಬಿ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿದೆವು. ಗುಳ್ಳೆ ಬರಲಿಲ್ಲ. ಆಮೇಲೆ ಎಂಜಿನ್ ಸ್ಟಾರ್ಟ್. ಹೊಗೆ ತಿಳಿಯಾಗಿತ್ತು, ಹೊರಗೆ ನೀರು ಧಾರಾಳವಾಗಿ ಬೀಳುತ್ತಿತ್ತು.

ಹೊರಡುವ ಮುಂಚೆ ನಾಲ್ವರೂ ದುಡ್ಡು ಹಾಕಿ ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ತರಿಸಿ ಕ್ಯಾಬಿನ್ನಿನಲ್ಲಿ ಹಾಕಿದೆವು. ಅಂಕಲ್ "ಇದೆಲ್ಲ ಯಾಕೆ" ಅಂದರು. ಬಲೆ ಹೊಲಿಯುತ್ತಿದ್ದ ಆ ಕಲಾಸಿ ಎದ್ದು ಬಂದು ಅದು ಹೇಗೆ ಕೂಗುತ್ತದೆ ಎಂದು ಕೇಳಿದರು. ಬಟನ್ ಒತ್ತಿ ತೋರಿಸಿದೆವು. ಇನ್ನೊಮ್ಮೆ ತಾವೇ ಒತ್ತಿ ನೋಡಿದರು.

ಆಗಸ್ಟಿನ ಎರಡನೇ ವಾರ, ಏಳನೇ ಸೆಮಿಸ್ಟರ್ ಕ್ಲಾಸಿನ ಮಧ್ಯೆ ಗೆಳೆಯನ ಮೊಬೈಲಿಗೆ ವಾಯ್ಸ್ ಮೆಸೇಜ್ ಬಂತು. ಹಿಂದೆ ಎಂಜಿನ್ ಸದ್ದು, ಆ ಕಲಾಸಿಯದ್ದೇ ದನಿ: "ತಲೆನೋವಿಲ್ಲ. ನಿದ್ದೆ ಚೆನ್ನಾಗಿ ಬಂತು. ನಿಮ್ಮ ಪೆಟ್ಟಿಗೆ ಕೂಗಲಿಲ್ಲ."

ಹಳೇ ಎಲ್ಬೋದ ಒಂದು ಚೂರು ನಮ್ಮ ಹಾಸ್ಟೆಲ್ ರೂಮಿನ ಕಿಟಕಿಯಲ್ಲಿದೆ. ನೋಡಲು ಗಟ್ಟಿ ಕಬ್ಬಿಣ. ಜೂನಿಯರ್‌ಗಳು ಬಂದರೆ ಕೈಗೆ ಕೊಟ್ಟು ಕಾಗದದ ಮೇಲೆ ಗೀಚಲು ಹೇಳುತ್ತೇವೆ. ಕಪ್ಪಗೆ ಗೆರೆ ಮೂಡುತ್ತದೆ.