ನಾಡಿ ಸರಿಹೋಯಿತು, ಜೀವ ಉಳಿಯಲಿಲ್ಲ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಸ್ತಂಭನದಿಂದ ತೀರಿಕೊಂಡರು. ಆಗ ಅವರಿಗೆ 46 ವರ್ಷ. ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ಅಕ್ಕಿಆಲೂರಿನಂಥ ಊರಿನಲ್ಲೂ ಎದೆ ತುಸು ಡವಗುಟ್ಟಿದರೆ ಸಾಕು, ‘ಇದಕ್ಕೊಂದು ಗುಳಿಗೆ ಇಲ್ಲವೇ?’ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ಸಂಶೋಧನೆ ಕೊಟ್ಟ ಉತ್ತರ ವಿದ್ಯಾರ್ಥಿಗಳೂ ಪಾಲಕರೂ ತಿಳಿಯತಕ್ಕದ್ದು.

ಹೃತ್ಕುಕ್ಷಿಗಳು ಲಯ ತಪ್ಪಿ ಅತಿವೇಗವಾಗಿ ಮಿಡಿದರೆ ಅವುಗಳಲ್ಲಿ ರಕ್ತ ತುಂಬಲು ವೇಳೆಯೇ ಸಿಗದು. ಮೆದುಳಿಗೆ ರಕ್ತ ಸಾಲದೆ ಕೆಲವೇ ನಿಮಿಷಗಳಲ್ಲಿ ಸಾವು ಬರಬಹುದು. ಹೃದಯಾಘಾತವಾದವರಲ್ಲಿ ನಡುನಡುವೆ ಹೆಚ್ಚುವರಿ ಮಿಡಿತ ಕಂಡರೆ ಇಂಥ ಸಾವಿನ ಸಂಭವ ಹೆಚ್ಚೆಂದು ವೈದ್ಯರು ಅರಿತಿದ್ದರು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಿಗಳು ಆ ಮಿಡಿತಗಳನ್ನು ಅಡಗಿಸುತ್ತಿದ್ದವು. ಹಾಗಾದರೆ ಸಾವೂ ತಪ್ಪಬೇಕಲ್ಲವೇ?

ಇದನ್ನು ಪರೀಕ್ಷಿಸಲು 1987ರಲ್ಲಿ ಅಮೆರಿಕದಲ್ಲಿ ‘ಕ್ಯಾಸ್ಟ್’ ಎಂಬ ಪ್ರಯೋಗ ಆರಂಭವಾಯಿತು. ಔಷಧಿಯಿಂದ ಹೆಚ್ಚುವರಿ ಮಿಡಿತ ತಗ್ಗಿದ ರೋಗಿಗಳನ್ನೇ ಆರಿಸಿ, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ಔಷಧಿ, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ, ಔಷಧಿಯಿಲ್ಲದ ಗುಳಿಗೆ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ಚಿಕಿತ್ಸೆ ಮಾಡುವ ವೈದ್ಯರಿಗೂ ತಿಳಿಯದು. 1989ರಲ್ಲಿ ಈ ಎರಡು ಔಷಧಿಗಳ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಔಷಧಿ ಪಡೆದ 755 ರೋಗಿಗಳಲ್ಲಿ 63 ಮಂದಿ ತೀರಿಕೊಂಡಿದ್ದರು. ಪಡೆಯದ 743 ರೋಗಿಗಳಲ್ಲಿ 26 ಮಂದಿ. ಮಿಡಿತ ಹತೋಟಿಗೆ ಬಂದರೂ ಸಾವು ಇಮ್ಮಡಿ ಮೀರಿತ್ತು. ಘಾಸಿಗೊಂಡ ಹೃದಯದಲ್ಲಿ ವಿದ್ಯುತ್ ಹರಿವನ್ನು ನಿಧಾನಗೊಳಿಸುವ ಔಷಧಿಯೇ ಹೊಸ ಲಯದೋಷಕ್ಕೆ ಎಡೆಮಾಡಬಲ್ಲದು.

ಲಯ ಕೆಟ್ಟೊಡನೆ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಡಿಫಿಬ್ರಿಲೇಟರನ್ನು 1980ರಲ್ಲಿ ಮೊದಲ ಬಾರಿಗೆ ಮನುಷ್ಯನ ದೇಹದೊಳಗೆ ಅಳವಡಿಸಲಾಯಿತು. ಅದನ್ನೂ ಹೀಗೆಯೇ ಹೋಲಿಸಿ ನೋಡಿದರು. 1996ರಲ್ಲಿ ಪ್ರಕಟವಾದ ‘ಮ್ಯಾಡಿಟ್’ ಪ್ರಯೋಗದಲ್ಲಿ ಅದನ್ನು ಪಡೆದ 95 ರೋಗಿಗಳಲ್ಲಿ 15 ಮಂದಿ, ರೂಢಿಯ ಚಿಕಿತ್ಸೆ ಪಡೆದ 101 ರೋಗಿಗಳಲ್ಲಿ 39 ಮಂದಿ ಮರಣ ಹೊಂದಿದ್ದರು. ಒಂದನ್ನು ತಡೆದ ಜರಡಿ ಇನ್ನೊಂದನ್ನು ದಾಟಿಸಿತು.

ಫ್ಲೆಕೈನೈಡ್ ಕೆಟ್ಟ ಔಷಧಿಯೆಂದು ಇದರ ಅರ್ಥವಲ್ಲ. ಹೃದಯದ ರಚನೆಯಲ್ಲಿ ದೋಷವಿಲ್ಲದ ಕೆಲವು ರೋಗಿಗಳಿಗೆ ಅದನ್ನು ಇಂದಿಗೂ ಕೊಡುತ್ತಾರೆ. ವೈದ್ಯರನ್ನು ಕೇಳದೆ ಯಾರೂ ಗುಳಿಗೆ ನಿಲ್ಲಿಸಬಾರದು. ‘ಗುಣವಾಯಿತು’ ಎಂದಾಗ ‘ಯಾವುದಕ್ಕೆ ಹೋಲಿಸಿದರೆ?’ ಎಂದು ಕೇಳುವ ರೂಢಿ ಬೇಕು. ಎಲೆಯ ಒಂದು ಭಾಗಕ್ಕೆ ಕಪ್ಪು ಕಾಗದ ಮುಚ್ಚಿ, ಉಳಿದುದನ್ನು ಬಿಸಿಲಿಗೆ ಬಿಡುವ ಹೈಸ್ಕೂಲು ವಿದ್ಯಾರ್ಥಿನಿ ಕೇಳುವುದೂ ಅದೇ ಪ್ರಶ್ನೆಯನ್ನು.