ಅಪ್ಪ, ಮಿಯಾಟಾ ಮತ್ತು ನಾಲ್ಕು ಸ್ಪ್ರಿಂಗು

ಅಪ್ಪ ಕಾರಿನಿಂದ ಇಳಿಯೋಕೆ ಎರಡು ನಿಮಿಷ ತಗೊಂಡರು. ಮೊದಲು ಬಲಗಾಲು ಹೊರಗಿಟ್ಟರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದು ಎದ್ದರು. ಸೊಂಟಕ್ಕೆ ಕೈ ಕೊಟ್ಟು ಸ್ವಲ್ಪ ಹೊತ್ತು ಬಗ್ಗಿಯೇ ನಿಂತರು.

"ಹೆಂಗಿತ್ತಪ್ಪ ಗಾಡಿ?" ಅಂದೆ.

"ಚೆನ್ನಾಗಿದೆ ಕಣೋ" ಅಂದು ಒಳಗೆ ಹೋದರು.

ಅವರು ಮೂಡಿಗೆರೆಯಿಂದ ಕ್ಯಾಲಿಫೋರ್ನಿಯಾಕ್ಕೆ ಬಂದು ಒಂದು ವಾರ ಆಗಿತ್ತಷ್ಟೆ. ಆವತ್ತು ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನಕ್ಕೆ ಹೋಗಿ ಬಂದಿದ್ದೆವು. ಅಮ್ಮ ಮತ್ತು ನನ್ನ ಹೆಂಡತಿ ಮನೆಯ ದೊಡ್ಡ ಕಾರಿನಲ್ಲಿ, ನಾನು ಮತ್ತು ಅಪ್ಪ ನನ್ನ ಮಿಯಾಟಾದಲ್ಲಿ. ಮಗನ ಸ್ಪೋರ್ಟ್ಸ್ ಕಾರನ್ನು ಅಪ್ಪ ನೋಡಲಿ ಅನ್ನೋ ಆಸೆ ನನ್ನದು.

ಮರುದಿನ ಕಾಫಿ ಸೋಸುತ್ತಾ ಅಮ್ಮ ಮೆಲ್ಲಗೆ ಹೇಳಿದಳು. "ನಿಮ್ಮಪ್ಪ ರಾತ್ರಿಯಿಡೀ ಮಗ್ಗಲು ಬದಲಿಸ್ತಾನೇ ಇದ್ರು. ಸೊಂಟ ಹಿಡ್ಕೊಂಡಿದೆ. ನಿಂಗೆ ಹೇಳಬೇಡ ಅಂದಿದಾರೆ."

ಈ ಕಾರಿನ ಬಗ್ಗೆ ಸ್ವಲ್ಪ ಹೇಳಬೇಕು. ಇದು 1992ರ ಮಜ್ದಾ ಮಿಯಾಟಾ. ಬೇರೆ ಕೆಲವು ದೇಶಗಳಲ್ಲಿ ಎಂಎಕ್ಸ್-5 ಅಂತಾರೆ. ನನಗಿಂತ ಎರಡು ವರ್ಷ ದೊಡ್ಡದು. ಎರಡೇ ಸೀಟು, ಬಟ್ಟೆಯ ಚಾವಣಿ, ಗುಂಡಿ ಒತ್ತಿದರೆ ಕಪ್ಪೆಗಣ್ಣಿನ ಹಾಗೆ ಮೇಲೇಳುವ ಹೆಡ್‌ಲೈಟು. 1.6 ಲೀಟರ್ ಎಂಜಿನ್, 116 ಅಶ್ವಶಕ್ತಿ. ಇವತ್ತಿನ ಲೆಕ್ಕದಲ್ಲಿ ಅದೇನೂ ದೊಡ್ಡ ಶಕ್ತಿಯಲ್ಲ. ಆದರೆ ಕಾರಿನ ತೂಕ ಒಂದು ಟನ್ನಿನ ಆಸುಪಾಸು ಅಷ್ಟೆ. 1989ರಲ್ಲಿ ಷಿಕಾಗೊ ಆಟೊ ಷೋದಲ್ಲಿ ಮೊದಲು ಕಾಣಿಸಿಕೊಂಡ ಈ ಮಾದರಿ, 2016ರ ಹೊತ್ತಿಗೆ ಹತ್ತು ಲಕ್ಷ ದಾಟಿತು. ಇದನ್ನು ರೂಪಿಸಿದ ಜಪಾನಿನ ಎಂಜಿನಿಯರುಗಳು ಇಟ್ಟುಕೊಂಡ ಗುರಿ 'ಜಿನ್ಬಾ ಇತ್ತಾಯ್'. ಕುದುರೆ ಮತ್ತು ಸವಾರ ಒಂದೇ ಜೀವ ಆಗೋದು ಅಂತ ಅದರರ್ಥ.

ಆ ಗುರಿಗೆ ಮುಖ್ಯ ಆಧಾರ ಇದರ ಸಸ್ಪೆನ್ಷನ್. ನಾಲ್ಕೂ ಚಕ್ರಕ್ಕೆ ಡಬಲ್ ವಿಷ್‌ಬೋನ್. ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು, ಕೆಳಗೊಂದು ತೋಳು ಹಿಡಿದಿರುತ್ತೆ. ಚಕ್ರ ಮೇಲೆ ಕೆಳಗೆ ಆಡಿದರೂ ಟೈರು ನೆಲದ ಮೇಲೆ ಸರಿಯಾಗಿ ಕೂರುವ ಹಾಗೆ ಆ ತೋಳುಗಳು ನೋಡಿಕೊಳ್ತವೆ.

ಅದನ್ನು ಕೆಡಿಸಿದವನು ನಾನೇ.

ಮೂರು ವರ್ಷದ ಹಿಂದೆ ಕಾರು ತಗೊಂಡಾಗ ಟೈರಿಗೂ ಮೇಲಿನ ಮಡ್‌ಗಾರ್ಡಿಗೂ ನಡುವೆ ಕೈ ತೂರುವಷ್ಟು ಜಾಗ ಇತ್ತು. ನನ್ನ ಕಣ್ಣಿಗೆ ಅದು ಅಸಹ್ಯ. ಇಂಟರ್ನೆಟ್ಟಿನಲ್ಲಿ ಅಗ್ಗಕ್ಕೆ ಸಿಕ್ಕ ಗಿಡ್ಡ ಸ್ಪ್ರಿಂಗು ತರಿಸಿ, ಹಳೇ ಶಾಕ್ ಅಬ್ಸಾರ್ಬರಿಗೇ ಹಾಕಿಸಿದೆ. ಕಾರು ಎರಡು ಇಂಚು ಕೆಳಗೆ ಕೂತಿತು. ಫೋಟೊದಲ್ಲಿ ನೋಡಬೇಕಿತ್ತು, ಚಿರತೆ ಹೊಂಚು ಹಾಕಿದ ಹಾಗೆ. ಓಡಿಸುವಾಗ ಮಾತ್ರ ಸಿಮೆಂಟ್ ಹೆದ್ದಾರಿಯ ಪ್ರತಿ ಜಾಯಿಂಟಿನಲ್ಲೂ ಬೆನ್ನಿಗೆ ಗುದ್ದು. ಸ್ಪೋರ್ಟ್ಸ್ ಕಾರು ಅಂದ್ರೆ ಗಡುಸಾಗೇ ಇರಬೇಕು ಅಂತ ನಂಬಿಕೊಂಡಿದ್ದೆ. ಹೆಂಡತಿ ಅದರಲ್ಲಿ ಕೂರೋದನ್ನೇ ಬಿಟ್ಟಾಗಲೂ ನನಗೆ ಬುದ್ಧಿ ಬರಲಿಲ್ಲ.

ಅಪ್ಪ 28 ವರ್ಷ ಬಸ್ ಡ್ರೈವರ್ ಆಗಿದ್ದವರು. ಅದರಲ್ಲಿ ಹೆಚ್ಚಿನ ವರ್ಷ ಚಾರ್ಮಾಡಿ ಘಾಟಿಯಲ್ಲೇ ಕಳೆದದ್ದು. ಚಿಕ್ಕವನಿದ್ದಾಗ ರಜೆಯಲ್ಲಿ ಅವರ ಪಕ್ಕದ ಸೀಟಿನಲ್ಲಿ ಕೂತು ಕೊಟ್ಟಿಗೆಹಾರದವರೆಗೆ ಹೋಗ್ತಿದ್ದೆ. ನೀರುದೋಸೆ ತಿನ್ನಿಸಿ, ಎದುರಿಂದ ಬರುವ ಬಸ್ಸಿಗೆ ಹತ್ತಿಸಿ ವಾಪಸ್ ಕಳಿಸೋರು. ಸಂಜೆ ಮನೆಗೆ ಬಂದರೆ ಅಮ್ಮ ಬಿಸಿನೀರಿನ ಚೀಲ ರೆಡಿ ಇಟ್ಟಿರ್ತಿದ್ದಳು. ಆ ಚೀಲ ಯಾಕೆ ಅಂತ ನಾನು ಯಾವತ್ತೂ ಕೇಳಲಿಲ್ಲ. ನನ್ನ ಎಂಜಿನಿಯರಿಂಗ್ ಫೀಸು ಬಂದದ್ದು ಆ ಡ್ರೈವರ್ ಸೀಟಿನಿಂದಲೇ. 28 ವರ್ಷ ಏಟು ತಿಂದ ಸೊಂಟಕ್ಕೆ ನಾನೂ ನನ್ನ ಪಾಲಿನದ್ದು ಸೇರಿಸಿದ್ದೆ, ಅದೂ ಫೋಟೊ ಚೆನ್ನಾಗಿ ಬರಲಿ ಅಂತ.

ಆ ಶನಿವಾರ ಕಾರನ್ನು ಫ್ರೀಮಾಂಟಿನ ಗೆಳೆಯನ ಮನೆಯ ಗ್ಯಾರೇಜಿಗೆ ತಗೊಂಡು ಹೋದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸ್ಪ್ಯಾನರ್ ಹಿಡಿಯೋ ಹಾಗಿಲ್ಲ. ಅಪ್ಪ "ನಾನೂ ಬರ್ತೀನಿ" ಅಂದು ಗೆಳೆಯನ ಕಾರಿನಲ್ಲಿ ಬಂದರು.

ಅವರು ಸಸ್ಪೆನ್ಷನ್ ಕಡೆ ನೋಡಲೇ ಇಲ್ಲ. ಸೀದಾ ಹಿಂದಿನ ಟೈರಿನ ಹತ್ತಿರ ಹೋಗಿ, ಮೇಲ್ಮೈ ಮೇಲೆ ಅಂಗೈ ಆಡಿಸಿದರು. ಕುದುರೆ ಮೈ ಸವರಿದ ಹಾಗೆ.

"ಕೈ ಇಡು ಇಲ್ಲಿ" ಅಂದರು. ಇಟ್ಟೆ. ಸವೆತ ಒಂದೇ ಸಮ ಇರಲಿಲ್ಲ. ಅಲ್ಲಲ್ಲಿ ತಗ್ಗು, ಅಲ್ಲಲ್ಲಿ ಉಬ್ಬು.

"ಗಾಡಿ ಕುಣೀತಿದೆ. ಟೈರು ನೆಲ ಮುಟ್ತಿಲ್ಲ. ಮುಟ್ಟಿ ಮುಟ್ಟಿ ಬಿಡ್ತಿದೆ."

ಆಮೇಲೆ ಒಂದು ಪ್ರಶ್ನೆ ಕೇಳಿದರು. "ಈ ಸ್ಪ್ರಿಂಗು ಎಷ್ಟು ತೂಕಕ್ಕೆ ಅಂತ ಹಾಕಿದೀಯ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಪ್ರಿಂಗಿನ ಡಬ್ಬದ ಮೇಲೆ 'ಎರಡು ಇಂಚು ಕೆಳಗೆ' ಅಂತ ಬರೆದಿತ್ತೇ ಹೊರತು ಅದರ ಗಡಸುತನ ಎಷ್ಟು ಅಂತ ಎಲ್ಲೂ ಇರಲಿಲ್ಲ. ನಾನೂ ಕೇಳಿರಲಿಲ್ಲ.

"ಖಾಲಿ ಬಸ್ಸು ಕುಣಿಯುತ್ತೆ, ತುಂಬಿದ ಬಸ್ಸು ನೆಲ ಹಿಡಿಯುತ್ತೆ" ಅಂದರು ಅಪ್ಪ. "ಅದರ ಬ್ಲೇಡು ಮಾಡಿರೋದೇ ತುಂಬಿದ ಬಸ್ಸಿಗೆ. ತೂಕಕ್ಕೂ ಸ್ಪ್ರಿಂಗಿಗೂ ಜೋಡಿ ಇರಬೇಕು. ಸ್ಪ್ರಿಂಗಿಗೂ ಶಾಕಿಗೂ ಜೋಡಿ ಇರಬೇಕು."

ಚಕ್ರ ಬಿಚ್ಚಿದೆ. ಶಾಕ್ ಅಬ್ಸಾರ್ಬರಿನ ಸರಳಿನ ಮೇಲೆ ಬಂಪ್ ಸ್ಟಾಪ್ ಅಂತ ಒಂದು ರಬ್ಬರು ಇರುತ್ತೆ. ಚಕ್ರ ತೀರಾ ಮೇಲೆ ಬಂದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯದ ಹಾಗೆ ತಡೆಯೋದು ಅದರ ಕೆಲಸ. ನನ್ನ ಕಾರಿನಲ್ಲಿ ಅದು ಪುಡಿಪುಡಿಯಾಗಿತ್ತು. ಕಾರಣ ಸರಳ. ಈ ಕಾರಿನಲ್ಲಿ ಚಕ್ರ ಮೇಲೆ ಬರೋಕೆ ಇರುವ ಜಾಗವೇ ಕಡಿಮೆ. ನಾನು ಎರಡು ಇಂಚು ಇಳಿಸಿದಾಗ ಅದರಲ್ಲಿ ಬಹುಪಾಲು ಮುಗಿದೇ ಹೋಗಿತ್ತು. ಸಣ್ಣ ಗುಂಡಿ ಬಂದರೂ ಸ್ಪ್ರಿಂಗು ಕೆಲಸ ಮಾಡುವ ಮೊದಲೇ ರಬ್ಬರು ಬಡಿಯುತ್ತಿತ್ತು. ನಾನು ಸ್ಪೋರ್ಟಿ ಗಡಸುತನ ಅಂದುಕೊಂಡಿದ್ದು ಮೂರು ವರ್ಷವೂ ಆ ರಬ್ಬರಿನ ಏಟು. ತಿರುವಿನ ಮಧ್ಯೆ ಕಾರಿನ ಹಿಂಭಾಗ ಹಠಾತ್ತನೆ ಪಕ್ಕಕ್ಕೆ ಜಿಗಿಯುತ್ತಿದ್ದದ್ದೂ ಅದಕ್ಕೇ. ಪಕ್ಕದಲ್ಲಿ ಅಪ್ಪನನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡಿಸಿದ್ದು ನೆನಪಾಗಿ ಕೈ ತಣ್ಣಗಾಯಿತು.

ಈ ಸಲ ಲೆಕ್ಕ ಹಾಕಿ ತರಿಸಿದೆ. ನಾಲ್ಕು ಕೋನಿ ಶಾಕ್ ಅಬ್ಸಾರ್ಬರು, ಅವಕ್ಕೆ ಹೊಂದುವ ಸ್ಪ್ರಿಂಗು, ಹೊಸ ಬಂಪ್ ಸ್ಟಾಪು. ಜೊತೆಗೆ ಇದೇ ಕಾರಿನ ಮುಂದಿನ ತಲೆಮಾರಿನ ಮೇಲಿನ ಮೌಂಟುಗಳು. ಅವು ಚಕ್ರಕ್ಕೆ ಆಡೋಕೆ ಇನ್ನೊಂದಿಷ್ಟು ಜಾಗ ಕೊಡ್ತವೆ. ಎಲ್ಲ ಸೇರಿ ಒಂದೂವರೆ ಸಾವಿರ ಡಾಲರ್. "ಇಷ್ಟರಲ್ಲಿ ಒಬ್ಬರು ಬೆಂಗಳೂರಿಗೆ ಹೋಗಿ ಬರಬಹುದಿತ್ತು" ಅಂದಳು ಹೆಂಡತಿ. ಸುಳ್ಳಲ್ಲ.

ಇಲ್ಲೊಂದು ವಿಚಿತ್ರ ಇದೆ. ಹೊಸ ಸ್ಪ್ರಿಂಗು ಕಂಪನಿಯ ಮೂಲ ಸ್ಪ್ರಿಂಗಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಗಡುಸು. ಆದರೂ ಸವಾರಿ ನಾನು ಕೆಡಿಸಿದ್ದಕ್ಕಿಂತ ಎಷ್ಟೋ ಮೆತ್ತಗೆ. ಯಾಕೆಂದರೆ ಈಗ ಕಾರು ರಬ್ಬರಿನ ಮೇಲಲ್ಲ, ಸ್ಪ್ರಿಂಗಿನ ಮೇಲೆ ಕೂತಿದೆ. ಸ್ಪ್ರಿಂಗು ಏಟನ್ನು ನುಂಗುತ್ತೆ, ಶಾಕ್ ಅಬ್ಸಾರ್ಬರು ಆ ಕುಣಿತವನ್ನು ಬಿಸಿಯಾಗಿಸಿ ಮುಗಿಸುತ್ತೆ. ಸ್ಪ್ರಿಂಗು ಗಡುಸಾದಷ್ಟೂ ಅದನ್ನು ಹಿಡಿಯೋ ಶಾಕು ಬಲವಾಗಿರಬೇಕು. ಅಪ್ಪ ಹೇಳಿದ ಜೋಡಿ ಇದೇ.

ಕೆಲಸಕ್ಕೆ ಎರಡು ವಾರಾಂತ್ಯ ಹಿಡಿಯಿತು. ಮೂವತ್ತು ವರ್ಷದ ಬೋಲ್ಟುಗಳು ಸುಲಭಕ್ಕೆ ಬರ್ತಾವಾ? ಒಂದಂತೂ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನಾನು ಉದ್ದದ ಪೈಪು ಸಿಕ್ಕಿಸಿ ಜಗ್ಗೋಕೆ ಹೊರಟೆ.

"ತಡಿಯೋ, ಮುರಿದು ಹಾಕ್ತೀಯ" ಅಂದರು ಅಪ್ಪ. ಎಣ್ಣೆ ಹೊಡೆಸಿ ರಾತ್ರಿಯಿಡೀ ಬಿಡಿಸಿದರು. ಬೆಳಿಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನಾಲ್ಕು ಏಟು. "ಈಗ ಬಿಚ್ಚಬೇಡ, ಮೊದಲು ಒಂಚೂರು ಟೈಟ್ ಮಾಡು." ಟೈಟ್ ಮಾಡಿದೆ, ಟಕ್ ಅಂದಿತು. ಆಮೇಲೆ ಬಿಚ್ಚಿದರೆ ಬಂತು.

ಒತ್ತಿ ಹಿಡಿದ ಸ್ಪ್ರಿಂಗು ಹತ್ತಿರ ಬಂದಾಗ ಮಾತ್ರ ಇಬ್ಬರಿಗೂ ಮಾತಿಲ್ಲ. ಅದು ಜಾರಿದರೆ ಕೈ, ಮುಖ ಉಳಿಯಲ್ಲ. ಸರಿಯಾದ ಕಂಪ್ರೆಸರ್ ಮತ್ತು ಅನುಭವ ಇಲ್ಲದಿದ್ದರೆ ಆ ಒಂದು ಕೆಲಸವನ್ನು ಗ್ಯಾರೇಜಿಗೆ ಕೊಡಿ. ಹಾಗೇ ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ತಲೆ ಹಾಕಬೇಡಿ. ಸ್ಟ್ಯಾಂಡ್ ಇಡಲೇಬೇಕು.

ಕೊನೆಯಲ್ಲಿ ನಾನು ಮಾಡಬಹುದಾಗಿದ್ದ ಇನ್ನೊಂದು ತಪ್ಪನ್ನೂ ಅಪ್ಪ ತಡೆದರು. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ತೋಳುಗಳ ಬೋಲ್ಟನ್ನು ಪೂರ್ತಿ ಬಿಗಿ ಮಾಡೋಕೆ ಹೊರಟಿದ್ದೆ. "ಗಾಡಿ ಕೆಳಗಿಳಿಸು. ತೂಕ ಬಿದ್ದ ಮೇಲೆ ಬಿಗಿ ಮಾಡು" ಅಂದರು. ಆಮೇಲೆ ಯೋಚಿಸಿದರೆ ಅರ್ಥ ಆಯಿತು. ತೋಳಿನ ಬುಡದಲ್ಲಿ ರಬ್ಬರ್ ಬುಶ್ ಇರುತ್ತೆ. ನೇತಾಡುವ ಸ್ಥಿತಿಯಲ್ಲಿ ಬಿಗಿದರೆ, ಕಾರು ನೆಲಕ್ಕೆ ಬಂದಾಗ ಆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ.

ಹಾಗಾಗಿ ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಇಳಿಸಿ, ಹಿಂದೆ ಮುಂದೆ ಅಡ್ಡ ಕೊಟ್ಟೆವು. ಓಡಿಸುವವನ ತೂಕವೂ ಬೀಳಬೇಕಲ್ಲ? ನನ್ನದೂ ಅಪ್ಪನದೂ ಹೆಚ್ಚುಕಡಿಮೆ ಒಂದೇ ತೂಕ. "ನೀವು ಕೂತ್ಕೊಳಿ" ಅಂದೆ.

ಅಪ್ಪ ಮೆಲ್ಲಗೆ ಡ್ರೈವರ್ ಸೀಟಿನಲ್ಲಿ ಕೂತರು. ನಾನು ನೆಲಕ್ಕೆ ಮಲಗಿ ಒಂದೊಂದೇ ಬೋಲ್ಟು ಬಿಗಿ ಮಾಡಿದೆ. ಎದ್ದು ನೋಡಿದರೆ ಅವರು ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು, ಗ್ಯಾರೇಜಿನ ಗೋಡೆಯನ್ನೇ ನೋಡುತ್ತಾ ಕೂತಿದ್ದರು. ರಿಟೈರ್ ಆದ ಮೇಲೆ ಅವರು ಸ್ಟೀರಿಂಗ್ ಹಿಡಿದಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಆಯ್ತಾ?" ಅಂದರು. ಆಗಿತ್ತು. "ಇನ್ನೊಂದು ಐದು ನಿಮಿಷ" ಅಂದೆ.

ಎತ್ತರವನ್ನು ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ 13 ಇಂಚು ಇರುವ ಹಾಗೆ ನೋಡಿಕೊಂಡೆವು. ಫೋಟೊದಲ್ಲಿ ಮೊದಲಿನಷ್ಟು ಜೋರಾಗಿಲ್ಲ, ಇರಲಿ. ಮರುದಿನ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಅದನ್ನು ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಶಾಕಿನ ತಿರುಪನ್ನು ಅತಿ ಮೆತ್ತಗಿನ ಕಡೆಯಿಂದ ಶುರು ಮಾಡಿ, ಒಂದು ಸಲಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಅದೇ ರಸ್ತೆಯಲ್ಲಿ ಓಡಿಸಿ ನೋಡಿದೆ. ಆಫೀಸಿನಲ್ಲಿ ಬಗ್ ಹುಡುಕುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ಜೂನಿಯರ್‌ಗಳಿಗೆ ಪಾಠ ಹೇಳುವ ನಾನು, ಕಾರಿಗೆ ಅದನ್ನು ಅನ್ವಯಿಸೋಕೆ ಮೂರು ವರ್ಷ ಬೇಕಾಯಿತು.

ನೀವೂ ಹಳೇ ಕಾರು ಇಟ್ಟುಕೊಂಡಿದ್ದರೆ ಒಂದು ಮಾತು. ಮೊದಲು ಟೈರು ನೋಡಿ, ಆಮೇಲೆ ಬುಶ್ಶು, ಆಮೇಲೆ ಶಾಕು. ಕೆಳಗಿಳಿಸೋ ಸ್ಪ್ರಿಂಗು ಕೊನೆಗೆ. ಬೆಂಗಳೂರಿನ ಹಂಪುಗಳಿಗಂತೂ ಅದು ಬೇಡವೇ ಬೇಡ.

ಮೂರು ವಾರ ಬಿಟ್ಟು ಅಪ್ಪನ ಸೊಂಟ ಸುಧಾರಿಸಿದ ಮೇಲೆ ಕೇಳಿದೆ. ಸ್ವಲ್ಪ ಯೋಚಿಸಿ "ನಡಿ" ಅಂದರು. ವುಡ್‌ಸೈಡಿನಿಂದ ಬೆಟ್ಟ ಹತ್ತಿ ಸ್ಕೈಲೈನ್ ರಸ್ತೆಗೆ ಹೋದೆವು. ಎರಡೂ ಕಡೆ ಆಕಾಶ ಮುಟ್ಟುವ ರೆಡ್‌ವುಡ್ ಮರ, ನಡುವೆ ಮಂಜು. ಪ್ರತಿ ತಿರುವಿಗೂ ಅಪ್ಪನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ತೇಪೆ ಹಾಕಿದ ರಸ್ತೆಯ ಮೇಲೆ ಕಾರು ಹೋದದ್ದು ಗೊತ್ತಾಗುತ್ತಿತ್ತು, ಆದರೆ ಗುದ್ದು ಇರಲಿಲ್ಲ.

ಒಂದು ಉದ್ದನೆಯ ತಿರುವು ಮುಗಿದಾಗ ಹೇಳಿದರು. "ಈಗ ನೆಲ ಹಿಡಿದಿದೆ."

ಇಡೀ ದಾರಿಯಲ್ಲಿ ಕಾರಿನ ಬಗ್ಗೆ ಆಡಿದ್ದು ಅದೊಂದೇ ಮಾತು. ಉಳಿದದ್ದೆಲ್ಲ ಚಾರ್ಮಾಡಿಯದ್ದು. ಮಳೆಗಾಲದ ರಾತ್ರಿ ಟ್ರಿಪ್ಪಿನಲ್ಲಿ ಮಂಜಿಗೆ ರಸ್ತೆ ಕಾಣದೆ, ಕಂಡಕ್ಟರ್ ಟಾರ್ಚ್ ಹಿಡಿದು ಮುಂದೆ ನಡೆದದ್ದು. ಕೊನೆಯ ಎರಡು ವರ್ಷ ಸೊಂಟ ಆಗದೆ, ಘಾಟಿ ರೂಟು ಬೇಡ ಅಂತ ಅವರೇ ಬರೆದುಕೊಟ್ಟದ್ದು. ಅದು ನನಗೆ ಗೊತ್ತೇ ಇರಲಿಲ್ಲ. ಆಗ ನಾನು ಕಾಲೇಜಿನಲ್ಲಿದ್ದೆ.

ಮನೆ ತಲುಪಿದಾಗ ಇಳಿಯೋಕೆ ಕೈ ಕೊಟ್ಟೆ, ಹಿಡಿದುಕೊಂಡರು. ಯಾವ ಶಾಕ್ ಅಬ್ಸಾರ್ಬರೂ ಅಷ್ಟು ತಗ್ಗಿನ ಸೀಟನ್ನು ಅವರ ವಯಸ್ಸಿಗೆ ಹೊಂದಿಸಲಾರದು. ಮುಂದಿನ ಸಲ ದೇವಸ್ಥಾನಕ್ಕೆ ಎಲ್ಲರೂ ದೊಡ್ಡ ಕಾರಿನಲ್ಲೇ ಹೋದೆವು. ಆದರೆ ಆ ರಾತ್ರಿ ಅಪ್ಪ ಚೆನ್ನಾಗಿ ನಿದ್ದೆ ಮಾಡಿದರು. ಅಮ್ಮನ ಹತ್ತಿರ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಅವರು ಊರಿಗೆ ವಾಪಸಾಗಿ ತಿಂಗಳಾಯಿತು. ಹೋದ ಭಾನುವಾರ ಫೋನಿನಲ್ಲಿ ಮಳೆ, ಕಾಫಿ ರೇಟು ಎಲ್ಲ ಮಾತಾಡಿ ಆದ ಮೇಲೆ ಕೇಳಿದರು. "ಬೋಲ್ಟೆಲ್ಲ ಇನ್ನೊಂದ್ಸಲ ಬಿಗಿ ನೋಡಿದ್ಯಾ? ಹೊಸದು ಹಾಕಿದ ಮೇಲೆ ಸ್ವಲ್ಪ ಓಡಿಸಿ ನೋಡಬೇಕು ಕಣೋ."

"ನೋಡಿದೀನಪ್ಪ" ಅಂದೆ.

ನೋಡಿರಲಿಲ್ಲ. ಫೋನಿಟ್ಟ ತಕ್ಷಣ ಗೆಳೆಯನಿಗೆ ಹೇಳಿ ಫ್ರೀಮಾಂಟಿಗೆ ಹೋದೆ. ಹಿಂದಿನ ಎಡಗಡೆಯದ್ದು ಕಾಲು ಸುತ್ತು ತಿರುಗಿತು.